ದೇವೀರಕ್ಕನ ಹೂಂ

ಒಂದಾನೊಂದು ಊರು. ಅದಕ್ಕೆ ದಾರಿ ಯಾವುದೆಂದು ಕೇಳಬೇಡಿ. ಅಲ್ಲಿಂದ ಹೋದವರು ಹೇಳುವುದಿಲ್ಲ, ಅಲ್ಲೇ ಇರುವ ನಮಗೆ ಗೊತ್ತಿಲ್ಲ. ಎರಡು ಗುಡ್ಡಗಳ ನಡುವೆ ಮಡಿಸಿಟ್ಟ ಸೀರೆಯ ಹಾಗೆ ಬಿದ್ದಿರುವ ಆ ಊರಿನಲ್ಲಿ ಮನೆಗೊಂದು ಜಗಲಿ, ಜಗಲಿಗೊಂದು ಕಥೆ, ಕಥೆಗೊಂದಿಷ್ಟು ಜನ. ಕೇಳುವವರು ಹೂಂಗುಟ್ಟಬೇಕು. ಹೂಂ ಬೀಳದಿದ್ದರೆ ಹೇಳುವವರ ನಾಲಗೆ ನೊಗ ಕಳಚಿಕೊಂಡ ಎತ್ತಿನ ಹಾಗೆ ಅಲ್ಲೇ ನಿಂತುಬಿಡುತ್ತದೆ. ಇದು ನಮ್ಮಜ್ಜಿಯ ಅಜ್ಜಿಯ ಕಾಲದಿಂದಲೂ ಇದ್ದದ್ದು. ಮಾತಾಡುವ ಗೊರವಂಕ ಹಕ್ಕಿಗಳು ಬಂದದ್ದು ಆಮೇಲೆ.

ಕೇಳುವವರು ಹೂಂ ಅಂದು, ಹೇಳುವವರು ಉಸಿರೆಳೆದುಕೊಂಡು ಮುಂದಿನ ಮಾತಿಗೆ ಬಾಯಿ ತೆರೆಯುವ ಮೊದಲು ಒಂದು ಸಂದು ಇರುತ್ತದಲ್ಲ, ಸಾಸಿವೆ ಸಿಡಿಯುವಷ್ಟು ಹೊತ್ತು, ಆ ಸಂದು ಈಗ ಹಕ್ಕಿಗಳದು. ಅವು ಸೂರಿನ ಅಂಚಿನಲ್ಲಿ ಸಾಲಾಗಿ ಕೂತಿರುತ್ತವೆ. ಹೂಂ ಬಿದ್ದ ಕೂಡಲೇ ಹಳದಿ ಕೊಕ್ಕುಗಳನ್ನು ತಾಗಿಸಿಕೊಂಡು ತಮ್ಮತಮ್ಮಲ್ಲೇ ಹರಾಜು ಕೂಗಿಕೊಳ್ಳುತ್ತವೆ. ಗೆದ್ದ ಹಕ್ಕಿ ಹೂಂ ಅಂದವರ ಮುಖ ನೋಡಿ ತನ್ನ ಅಂಗಡಿಯ ಮಾತು ಹೇಳುತ್ತದೆ. ಆ ಮಾತು ಯಾರಿಗೋ ಹೇಳಿದ ಮಾತಲ್ಲ, ನಿಮಗೇ ಹೇಳಿದ್ದು. ಮೊನ್ನೆ ಸಂತೆಯಲ್ಲಿ ನೀವು ಯಾವ ಕೊಡೆಯನ್ನು ಮುಟ್ಟಿ ನೋಡಿ ಬಿಟ್ಟು ಬಂದಿರೋ, ಆ ಕೊಡೆ ಮಳೆಗಾಲ ಮುಗಿದರೂ ನಿಮ್ಮ ಬೆನ್ನು ಬಿಡುವುದಿಲ್ಲ. ಹೆಣ್ಣು ನೋಡಲು ಬಂದ ಗಂಡು ಹೂಂ ಅಂದರೆ ಎಲ್ಲರಿಗೂ ಮೊದಲು ಕೇಳಿಸುವುದು ಚಪ್ಪಲಿ ಅಂಗಡಿಯ ಹೆಸರು. ಜಗಳದಲ್ಲಿ ಮಾತ್ರ ಯಾರೂ ಹೂಂ ಅನ್ನುವುದಿಲ್ಲವಾದ್ದರಿಂದ ಅಲ್ಲಿಗೆ ಹಕ್ಕಿಗಳು ಬರುವುದಿಲ್ಲ. ಹಾಗಾಗಿ ನಮ್ಮೂರಿನ ಗಂಡ ಹೆಂಡಿರು ಮನಸ್ಸು ಬಿಚ್ಚಿ ಮಾತಾಡಬೇಕು ಅನ್ನಿಸಿದಾಗ ಬಾಗಿಲು ಹಾಕಿಕೊಂಡು ಜಗಳವಾಡುತ್ತಾರೆ.

ಇಷ್ಟಕ್ಕೆಲ್ಲ ಹುಣಸೆಮರದ ಕಟ್ಟೆಯೇ ಮೂಲ. ಆ ಕಟ್ಟೆಯ ಮೇಲೆ ಹಿರೇಸೋಮ, ಕಿರೇಸೋಮ ಎಂಬ ಅವಳಿ ಅಣ್ಣತಮ್ಮಂದಿರು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತಾರೆ. ಕಿರೇಸೋಮ ಅಂಗಡಿಯವರ ಕಡೆಯ ದಲ್ಲಾಳಿ, ಹಿರೇಸೋಮ ಜಗಲಿಗಳ ಕಡೆಯವನು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನೋಡಿದರೆ ವ್ಯವಹಾರದ ನ್ಯಾಯ ಕೆಡುತ್ತದಂತೆ. ಮರದ ಕೊಂಬೆಗಳಿಗೆ ಒಂದೊಂದು ಅಂಗಡಿಯ ಗಡಿಗೆ ತೂಗುಬಿಟ್ಟಿದ್ದಾರೆ. ಅಂಗಡಿಯವರು ಅದಕ್ಕೆ ನವಣೆ ಸುರಿಯುತ್ತಾರೆ. ಹಕ್ಕಿ ಒಂದು ಹೂಂ ಗೆದ್ದಾಗ ಗಡಿಗೆಯ ತೂತಿನಿಂದ ನವಣೆ ಇಳಿಯುತ್ತದೆ. ಅದರಲ್ಲಿ ಕಿರೇಸೋಮ ತನ್ನ ಹಿಡಿ ತೆಗೆಯುತ್ತಾನೆ, ಹಕ್ಕಿಗಳು ತಮ್ಮದನ್ನು ತಿನ್ನುತ್ತವೆ, ಹಿರೇಸೋಮ ತನ್ನ ಹಿಡಿ ತೆಗೆಯುತ್ತಾನೆ, ಮರದ ನೆರಳಿಗೂ ಒಂದು ಪಾಲು ಉಂಟು. ಉಳಿದದ್ದು ಕಥೆ ಹೇಳಿದ ಜಗಲಿಗೆ. ನಮ್ಮ ಜಗಲಿಗೆ ಅದು ಬಂದು ಸೇರುವಾಗ ಇರುವೆಗಳು ಸಹ ಒಂದು ಗಳಿಗೆ ಯೋಚಿಸುತ್ತವೆ, ಹೊರಡುವುದೋ ಬೇಡವೋ ಎಂದು.

ಹಾಗೆಂದು ಯಾರೂ ಜಗಲಿ ಮುಚ್ಚಲಿಲ್ಲ, ಕಥೆಯನ್ನೇ ಒಗ್ಗಿಸಿಕೊಂಡರು. ಮೇಲಿನ ಕೇರಿಯ ಜಗಲಿಯಲ್ಲಿ ಒಬ್ಬ ರಾಜ ಕುದುರೆ ಹತ್ತಲು ಕಾಲೆತ್ತಿ ವರ್ಷವಾಯಿತು, ಇನ್ನೂ ಹತ್ತಿಲ್ಲ. ಕಾಲೆತ್ತಿದ, ಹೂಂ, ಎತ್ತಿದ ಕಾಲನ್ನು, ಹೂಂ, ಇನ್ನೂ ಸ್ವಲ್ಪ ಎತ್ತಿದ, ಹೂಂ. ಕೆರೆ ಏರಿಯ ಮನೆಯವನು ಇನ್ನೂ ಬುದ್ಧಿವಂತ. ಅವನು ಜನರನ್ನೇ ಬಿಟ್ಟ. ಜಗಲಿಯ ತುಂಬ ಎಮ್ಮೆಕರುಗಳನ್ನು ಕಟ್ಟಿ ತಲೆಗೆ ರುಮಾಲು ಸುತ್ತಿದ. ಕರುಗಳು ಹಸಿದಾಗಲೆಲ್ಲ ಊಂ ಅನ್ನುತ್ತವೆ, ಹಕ್ಕಿಗಳು ಅವುಗಳ ಮುಖ ನೋಡಿ ಕನ್ನಡಕ, ರೇಷ್ಮೆ ಸೀರೆ, ಕಾಶಿಯಾತ್ರೆ ಎಂದು ಹೇಳುತ್ತವೆ. ಅಂಗಡಿಯವರಿಗೆ ಸಂತೋಷವೋ ಸಂತೋಷ: ಕೆರೆ ಏರಿಯ ಕಡೆ ಜನ ನಮ್ಮ ಮಾತನ್ನು ಕಣ್ಣು ಮಿಟುಕಿಸದೆ ಕೇಳುತ್ತಾರಂತೆ.

ನಮ್ಮಜ್ಜಿ ಪುಟ್ಟಗಿರಿಯಮ್ಮ ಮಾತ್ರ ಒಗ್ಗಲಿಲ್ಲ. ಊರಿಗೇ ದೊಡ್ಡ ಕಥೆಗಾರ್ತಿ ಆಕೆ. ಒಂದು ಸಂಜೆ ಏಳು ಹೆಡೆಯ ಹಾವು ರಾಜಕುಮಾರಿಯ ಮಂಚದ ಬಳಿ ಬಂದು ಹೆಡೆ ಬಿಚ್ಚಿತು, ಕೇಳುತ್ತಿದ್ದವರು ಹೂಂ ಅಂದರು, ಸೂರಿನ ಮೇಲಿನ ಹಕ್ಕಿ, "ಹರಳೆಣ್ಣೆ, ತಲೆಗೆ ತಂಪು" ಅಂದಿತು. ಅಜ್ಜಿ ಎದ್ದು ಸೆರಗು ಕೊಡವಿದಳು. "ಹಾವು ಎಣ್ಣೆ ಹಚ್ಕೊಂಡು ಸ್ನಾನ ಮಾಡ್ಲಿ. ನಾನು ಮಲಗ್ತೀನಿ" ಅಂದವಳು ಮತ್ತೆ ಕಥೆಗೆ ಕೂರಲಿಲ್ಲ. ಆಮೇಲೆ ಜಗಲಿ ನನ್ನ ಪಾಲಿಗೆ ಬಂತು. ನಾನು ಸಾಕಿ. ಕಥೆ ಹೇಳುತ್ತ ಹೇಳುತ್ತ ನನಗೇ ಕಥೆಯೊಳಗಿನ ಮೋಡದ ಮೇಲೆ ನಿದ್ದೆ ಬಂದುಬಿಡುವುದರಿಂದ, ಹಕ್ಕಿಗಳು ಏನು ಹೇಳುತ್ತವೆ ಎಂಬ ಕಡೆ ಗಮನ ಕೊಡುತ್ತಿರಲಿಲ್ಲ. ದೇವೀರಕ್ಕ ಮೊದಲ ಸಲ ನಡುವೆ ಎದ್ದು ಹೋಗುವವರೆಗೂ.

ದೇವೀರಕ್ಕ ಪಕ್ಕದ ಮನೆಯ ಸೊಸೆ. ಅವಳಂಥ ಹೂಂ ಊರಲ್ಲೇ ಇರಲಿಲ್ಲ. ಕೆಲವರ ಹೂಂ ಆಕಳಿಕೆಯಂತೆ, ಕೆಲವರದು ಲೆಕ್ಕ ಒಪ್ಪಿಸಿದಂತೆ. ಅವಳದು ಹಾಗಲ್ಲ, ಕತ್ತಲೆಯಲ್ಲಿ ಮುಂದೆ ಹೋಗುವವರ ಬೆನ್ನಿಗೆ ಯಾರೋ ಅಂಗೈ ಇಟ್ಟ ಹಾಗೆ. ಅವಳು ಬಸುರಿಯಾದಾಗ ಒಂದು ದಿನ ಬಡಗಿ ಬಸವಾಚಾರಿಯ ಕೊಟ್ಟಿಗೆಯ ಮುಂದೆ ನಿಂತು ಹಲಸಿನ ತೊಟ್ಟಿಲೊಂದನ್ನು ನೋಡಿದಳು. ಬರೀ ನೋಡಿದಳು. ಕೂಸು ಹುಟ್ಟುವ ಮೊದಲು ತೊಟ್ಟಿಲು ಮನೆಗೆ ತರಬಾರದು ಎಂದು ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಹೇಳುತ್ತ ಬಂದದ್ದೇ. ಆದರೆ ಅವಳು ಯಾವ ಜಗಲಿಯಲ್ಲಿ ಕೂತರೂ ಹಕ್ಕಿ "ತೊಟ್ಟಿಲು, ಹಲಸಿನ ತೊಟ್ಟಿಲು, ಬಸವಾಚಾರಿಯ ಕೈ ತೊಟ್ಟಿಲು" ಎಂದು ಹೇಳಿ ಹೇಳಿ, ಏಳನೇ ತಿಂಗಳಿಗೆ ಗಂಡ ಅದನ್ನು ಹೊತ್ತು ತಂದೇಬಿಟ್ಟ.

ಕೂಸು ಉಳಿಯಲಿಲ್ಲ. ಅದನ್ನು ಹಕ್ಕಿಗಳಿಗೆ ಯಾರೂ ಹೇಳಲಿಲ್ಲ.

ತಿಂಗಳುಗಳಾದ ಮೇಲೆ ದೇವೀರಕ್ಕ ಜಗಲಿಗೆ ಬಂದು ಕೂತಳು. ಅವಳು ಹೂಂ ಅಂದ ಮೊದಲ ಸಂದಿನಲ್ಲೇ, "ತೊಟ್ಟಿಲು, ಹಲಸಿನ ತೊಟ್ಟಿಲು." ಅವಳು ಎದ್ದು ಹೋದಳು. ಇನ್ನೊಂದು ದಿನ ಬಂದಳು, ಮತ್ತೆ ಎದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು, ಆಮೇಲೆ ಯಾರು ಏನು ಕೇಳಿದರೂ ಹೂಂ ಅನ್ನುವುದನ್ನು ಬಿಟ್ಟಳು. ಊಟ ಆಯಿತಾ ಎಂದರೆ ತಲೆಯಾಡಿಸುತ್ತಿದ್ದಳು, ಅಷ್ಟೆ. ನೀರಿನ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದ ಒಂದು ಬೆಳಿಗ್ಗೆ ಕೊಡ ತುಂಬಿ ಹರಿಯುತ್ತಿದ್ದರೂ ಎತ್ತದೆ ಕೇಳಿದಳು:

"ಸಾಕಿ, ಒಂದು ಕಥೆ ಪೂರ್ತಿ ಕೇಳ್ಬೇಕು ಕಣೆ. ಕೊನೇವರೆಗೆ. ಆಗುತ್ತಾ ನಿನ್ ಕೈಲಿ?"

"ಆಗುತ್ತಕ್ಕ."

"ಸುಮ್ನೆ ಹೇಳ್ಬೇಡ."

ನಾನು ಅವಳ ಒದ್ದೆ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಕೊಟ್ಟ ಮಾತಿನ ಭಾರ ಮನೆಗೆ ನಡೆದು ಬರುವಾಗ ಗೊತ್ತಾಯಿತು.

ಮೊದಲು ಬಸವಾಚಾರಿಯ ಬಳಿಗೆ ಹೋದೆ. ಅವನು ಉಳಿ ಮಸೆಯುತ್ತ ಎಲ್ಲವನ್ನೂ ಕೇಳಿದ. ಕೇಳುತ್ತ ಕೇಳುತ್ತ ಮಸೆಯುವುದು ನಿಂತಿತು.

"ನಾನು ಆ ಯಮ್ಮನಿಗೆ ಹೇಳು ಅಂದಿಲ್ಲ ಕಣವ್ವ. ತೊಟ್ಟಿಲು ಬೇಕಾದೋರಿಗೆ ಹೇಳು ಅಂದೆ, ಅಷ್ಟೆ. ಯಾರಿಗೆ ಹೇಳ್ತವೆ, ಯಾವಾಗ ಹೇಳ್ತವೆ, ನಂಗೇನು ಗೊತ್ತು?"

"ಹೋಗ್ಲಿ, ನಿಲ್ಸಿ ಆಚಾರ್ರೇ."

"ವರ್ಷದ ನವಣೆ ಒಟ್ಟಿಗೆ ಸುರಿಸ್ಕೊಂಡವ್ನೆ ಕಿರೇಸೋಮ. ಗಡಿಗೆ ಬರಿದಾಗೋ ತನಕ ಅದರ ಪಾಡಿಗೆ ಅದು ನಡೀತದೆ."

"ಅದರಿಂದ ವ್ಯಾಪಾರನಾದ್ರೂ ಹೆಚ್ಚಾಯ್ತಾ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಮೊದ್ಲು ಎಷ್ಟೋ ಈಗ್ಲೂ ಅಷ್ಟೇ. ಬಸುರಾದೋರು ಹೆಂಗೂ ಬರ್ತಾರಲ್ಲವ್ವ. ಆದ್ರೆ ಕಿರೇಸೋಮ ಅಂತಾನೆ, ಹಕ್ಕಿ ಇಲ್ದೆ ಹೋಗಿದ್ರೆ ಇಷ್ಟೂ ಆಗ್ತಿರ್ಲಿಲ್ಲ ಅಂತ. ಇಲ್ಲ ಅನ್ನೋದು ಹೆಂಗೆ?"

ಹುಣಸೆಮರದ ಕಟ್ಟೆಗೆ ಹೋದೆ. ಕಿರೇಸೋಮ ನನ್ನ ಮಾತನ್ನು ಕಣ್ಣು ಮುಚ್ಚಿಕೊಂಡು, ದೊಡ್ಡ ದುಃಖವನ್ನು ತಾನೇ ಅನುಭವಿಸುವವನ ಹಾಗೆ ಕೇಳಿದ.

"ಕೇಳಿ ಕರುಳು ಚುರ್ ಅಂತು ತಂಗಿ. ಆದ್ರೆ ನಾನು ಅಂಗಡಿಯೋರ ಕಡೆ. ಕೇಳೋರ ವಿಚಾರ ನಂಗೆ ಬರಲ್ಲ. ಬೆನ್ನ ಹಿಂದೆ ಕೇಳು."

ಕಟ್ಟೆ ಸುತ್ತಿ ಆಚೆ ಬದಿಗೆ ಹೋದೆ. ಅದೇ ಮುಖ, ಅದೇ ಮೀಸೆ.

"ನಾನು ಜಗಲಿಯೋರ ಕಡೆ ತಂಗಿ" ಅಂದ ಹಿರೇಸೋಮ. "ನಿನ್ನ ಜಗಲಿ ಹೂಂ ಇಲ್ಲಿಗೆ ತರ್ತೀನಿ. ಯಾರು ಕೊಂಡ್ರು ಅನ್ನೋದು ಆ ಕಡೆಯೋನಿಗೆ ಗೊತ್ತು."

"ಆ ಕಡೆಯೋರು ನಿಮ್ಮನ್ನ ಕೇಳು ಅಂದ್ರು."

"ಹಂಗಾದ್ರೆ ಹಕ್ಕಿಗಳನ್ನ ಕೇಳ್ಬೇಕು."

"ಹಕ್ಕಿಗೆ ಹೇಳೋಕಾಗಲ್ವಾ, ಆಯಮ್ಮ ತೊಟ್ಟಿಲು ಕೊಂಡಾಯ್ತು, ಕೂಸೂ ಹೋಯ್ತು ಅಂತ?"

ಹಿರೇಸೋಮ ನನ್ನನ್ನು ಮಗುವನ್ನು ನೋಡುವಂತೆ ನೋಡಿದ. "ಯಾರಿಗೆ ಏನು ಬೇಕು ಅಂತ ಹಕ್ಕಿಗೆ ಸುದ್ದಿ ತಂದುಕೊಡೋರು ಊರ ತುಂಬ ಅವ್ರೆ. ಅದಕ್ಕೆ ಕಾಳಿದೆ. ಯಾರಿಗೆ ಏನು ಬೇಡ ಅನ್ನೋ ಸುದ್ದಿಗೆ ಯಾರವ್ವ ಕಾಳು ಕೊಡ್ತಾರೆ?" ಆಮೇಲೆ ಸಲಹೆಯೊಂದನ್ನೂ ಕೊಟ್ಟ: "ಆಯಮ್ಮ ಹೋಗಿ ಬೇರೆ ಏನನ್ನಾದ್ರೂ ಚೆನ್ನಾಗಿ ನೋಡ್ಲಿ. ಒಂದು ಕಪಾಟು, ಒಂದು ನೇಗಿಲು."

ದೇವೀರಕ್ಕ ಹೋಗಿ ನೇಗಿಲನ್ನೂ ನೋಡಿದಳು, ಪಾಪ. ಆಮೇಲೆ ಅವಳ ಬಾಯಿಂದ ಮರೆತು ಹೂಂ ಜಾರಿದಾಗಲೆಲ್ಲ ಹಕ್ಕಿಗಳು ತೊಟ್ಟಿಲನ್ನೂ ನೇಗಿಲನ್ನೂ ಹೇಳತೊಡಗಿದವು.

ಜಗಳದ ಉಪಾಯ ಹೊಳೆದದ್ದು ಆಗ. ಕಥೆಯನ್ನೇ ಜಗಳವಾಡಿ ಹೇಳಿದರೆ? ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅವಳ ಬಾಗಿಲಲ್ಲಿ ನಿಂತು, "ಒಬ್ಬ ರಾಜ ಇದ್ನಂತೆ, ಇದ್ರೆ ನಿಂಗೇನೇ? ಅವನಿಗೆ ಇಬ್ಬರು ಹೆಂಡ್ರಂತೆ, ಅದನ್ನ ಕೇಳೋಕೆ ನೀನ್ಯಾರೇ?" ಎಂದು ಶುರು ಮಾಡಿದೆ. ದೇವೀರಕ್ಕ ಮೊದಲು ಕಣ್ಣು ಕಣ್ಣು ಬಿಟ್ಟಳು, ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ನಗುತ್ತ ನಗುತ್ತ ಮೈಮರೆತು ಹೂಂ ಅಂದುಬಿಟ್ಟಳು. ಸೂರಿನ ಮೇಲೆ ರೆಕ್ಕೆ ಬಡಿದ ಸದ್ದು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನೆಗೆ ಬಂದು ಅಜ್ಜಿಯ ಮುಂದೆ ಕೂತೆ. ಅಜ್ಜಿ ಅವರೆಕಾಳು ಹಿಸುಕುತ್ತಿದ್ದಳು.

"ಲೇ ಸಾಕಿ, ನಿನ್ ಜಗಲಿ ಹೂಂ ಯಾರ್ ಬೇಕಾದ್ರೂ ಕೊಳ್ಬೋದು ತಾನೆ?"

"ಹೂಂ ಅಜ್ಜಿ." ಹಕ್ಕಿಯೊಂದು ಕಿಟಕಿಯಿಂದ ಇಣುಕಿ ನನಗೆ ಬಾಚಣಿಗೆ ಬೇಕೇ ಎಂದು ಕೇಳಿತು.

"ನೀನೇ ಕೊಂಡ್ಕೊ."

ಇದು ಯಾರಿಗೂ ಹೊಳೆದಿರಲಿಲ್ಲ. ಕೊಳ್ಳಲು ಕಾಳೆಲ್ಲಿ ಎಂದು ನಾನು ಯೋಚಿಸುತ್ತಿರುವಾಗಲೇ ಬಸವಾಚಾರಿ ಒಂದು ಮೂಟೆ ನವಣೆ ಹೊತ್ತು ನಮ್ಮ ಬಾಗಿಲಿಗೆ ಬಂದ. ನಾನು ಬಂದು ಹೋದಾಗಿನಿಂದ ಅವನಿಗೆ ತೊಟ್ಟಿಲು ಕೆತ್ತಲು ಕೈ ಏಳುತ್ತಿರಲಿಲ್ಲವಂತೆ. "ನಂದೇ ಕಾಳು ಅಲ್ಲೂ ಐತೆ, ಇಲ್ಲೂ ಇರ್ಲಿ" ಅಂದ. ಅದನ್ನು ಕಟ್ಟೆಗೆ ಒಯ್ದೆವು. ಕಿರೇಸೋಮ ಹೊಸ ಗಡಿಗೆ ಕಟ್ಟಿಸಿದ.

"ನಿನ್ನ ಸರಕೇನು ತಂಗಿ? ಹಕ್ಕಿ ಏನು ಹೇಳ್ಬೇಕು?"

"ಏನೂ ಹೇಳ್ಬಾರ್ದು. ಸುಮ್ನಿದ್ರೆ ಸಾಕು."

"ಸುಮ್ನಿರೋಕೆ ಅವಕಾಶ ಇಲ್ಲ. ಗೆದ್ದ ಹಕ್ಕಿ ಏನಾದ್ರೂ ಹೇಳ್ಲೇಬೇಕು, ಇಲ್ಲಾಂದ್ರೆ ಗೆದ್ದದ್ದು ಯಾರಿಗೆ ಗೊತ್ತಾಗುತ್ತೆ?"

ನಾನು ತುಸು ಯೋಚಿಸಿದೆ. "ಹಂಗಾದ್ರೆ 'ಆಮೇಲೆ?' ಅಂತ ಹೇಳ್ಲಿ."

"ಆಮೇಲೆ?" ಕಿರೇಸೋಮ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದ. "ಒಳ್ಳೆ ಮಾತು. ಜನ ಕುತೂಹಲಪಡ್ತಾರೆ. ಮುಂದಿನ ವರ್ಷ ನಿಜವಾದ ಸರಕು ತಗೊಂಡ್ ಬಾ." ತನ್ನ ಹಿಡಿ ತೆಗೆದುಕೊಂಡ. ಬೆನ್ನ ಹಿಂದೆ ಹಿರೇಸೋಮನೂ ಕೈ ಚಾಚಿದ. ನನ್ನ ಜಗಲಿಯ ಹೂಂ ನಾನೇ ಕೊಳ್ಳುವುದು ಇಬ್ಬರಿಗೂ ವಿಚಿತ್ರ ಅನ್ನಿಸಲಿಲ್ಲ. ಒಬ್ಬಳೇ ಎರಡು ಕಡೆಯಿಂದಲೂ ದಲ್ಲಾಳಿಯ ಪಾಲು ಕೊಡುವುದನ್ನು ಅವರು ಭಕ್ತಿಯಿಂದ ನೋಡಿದರು.

"ದೊಡ್ಡ ಕಥೆ ಬೇಡ" ಅಂದಳು ಅಜ್ಜಿ. "ಕಾಳು ಸಾಲಲ್ಲ. ಕುಂಬಾರನ ಮಗಳ ಕಥೆ ಹೇಳು." ಅದನ್ನು ನನಗೆ ಒಂದೇ ಸಲ ಹೇಳಿಕೊಟ್ಟಳು, ಬಾಗಿಲು ಹಾಕಿ, ಜಗಳವಾಡುವ ದನಿಯಲ್ಲಿ.

ಮಧ್ಯಾಹ್ನ ಊಟವಾದ ಮೇಲೆ ದೇವೀರಕ್ಕ ಬಂದಳು. ಕಂಬಕ್ಕೆ ಒರಗದೆ, ಯಾವಾಗ ಬೇಕಾದರೂ ಏಳುವವಳ ಹಾಗೆ ತುದಿಯಲ್ಲಿ ಕೂತಳು. ನಮ್ಮ ಜಗಲಿಯಿಂದ ನೋಡಿದರೆ ರಸ್ತೆಯ ಕೊನೆಗೆ ಹುಣಸೆಮರ. ಅದರಡಿ ಬಸವಾಚಾರಿ ನಿಂತಿದ್ದ. ಗಡಿಗೆಯಲ್ಲಿ ಕಾಳು ಎಷ್ಟಿದೆ ಎಂದು ಅವನು ಅಂಗೈ ಎತ್ತಿ ತೋರಿಸುವುದೆಂದು ಮಾತಾಗಿತ್ತು. ಈಗ ಅವನ ಅಂಗೈ ತಲೆಯ ಮೇಲಿತ್ತು.

"ಒಬ್ಬ ಕುಂಬಾರನ ಮಗಳು. ತನ್ನ ಕೈಯಾರೆ ಮೊದಲ ಗಡಿಗೆ ಮಾಡಿದಳಂತೆ. ಕೆಂಪಗೆ, ಅಂಗೈ ಮೇಲೆ ಕೂರುವಷ್ಟು ಸಣ್ಣದು."

ಹೂಂ ಬೀಳಲಿಲ್ಲ. ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡು ನಿಂತಿತು. ಆಮೇಲೆ, ಹೆದರುತ್ತ ಹೆದರುತ್ತ, "ಹೂಂ."

ಕೊಕ್ಕುಗಳು ತಾಗಿದವು. "ಆಮೇಲೆ?" ಅಂದಿತು ಹಕ್ಕಿ.

ದೇವೀರಕ್ಕ ತಲೆಯೆತ್ತಿ ಸೂರನ್ನು ನೋಡಿದಳು. ನನ್ನನ್ನು ನೋಡಿದಳು.

"ತೊಳೆಯಲು ಹೊಳೆಗೆ ಹೋದಳು. ಹೊಳೆ ಅದನ್ನು ಅವಳ ಕೈಯಿಂದ ಕಿತ್ತುಕೊಂಡಿತು."

"ಹೂಂ."

"ಆಮೇಲೆ?"

"ಹುಡುಗಿ ದಡ ಹಿಡಿದು ನಡೆದಳು. ಬಂಡೆಯ ಕೆಳಗೆ ಏಡಿ ಇತ್ತು. ನನ್ನ ಗಡಿಗೆ ತಗೊಂಡೆಯಾ ಅಂದಳು. ನಾನಲ್ಲ, ನೀರನ್ನ ಕೇಳು ಅಂದಿತು ಏಡಿ. ನೀರನ್ನು ಕೇಳಿದಳು. ನಾನು ಬರೀ ಹರಿಯೋದು, ಸೆಳವನ್ನ ಕೇಳು ಅಂದಿತು ನೀರು."

ದೇವೀರಕ್ಕನ ಬೆನ್ನು ಮೆಲ್ಲಗೆ ಕಂಬಕ್ಕೆ ಒರಗಿತು. ಹೂಂ ಬಂತು, ಹಳೆಯ ಹೂಂ, ಬೆನ್ನಿಗೆ ಅಂಗೈ ಇಟ್ಟಂಥದ್ದು. ಅವಳು ಮಾತುಮಾತಿಗೂ ಹೂಂ ಅನ್ನತೊಡಗಿದಳು, ತಿಂಗಳುಗಟ್ಟಲೆ ಕೂಡಿಟ್ಟದ್ದನ್ನು ಒಮ್ಮೆಲೇ ಖರ್ಚು ಮಾಡುವವಳಂತೆ. ಆ ಕಡೆ ಬಸವಾಚಾರಿಯ ಅಂಗೈ ಎದೆಗೆ ಇಳಿಯಿತು. ಸೂರಿನ ಮೇಲೆ ಹಕ್ಕಿಗಳು ಹೆಚ್ಚುತ್ತಿದ್ದವು. ಒಬ್ಬ ಹೆಂಗಸಿನ ಹೂಂಗೆ ಯಾರೋ ಇಷ್ಟು ಸುರಿಯುತ್ತಿದ್ದಾರೆ ಎಂದರೆ ಅವಳೇನೋ ದೊಡ್ಡದನ್ನು ಕೊಳ್ಳುವವಳೇ ಇರಬೇಕೆಂದು ಚಿನ್ನದಂಗಡಿಯ ಹಕ್ಕಿ ಬಂತು, ಹೊಲ ಮಾರುವವನ ಹಕ್ಕಿ ಬಂತು, ಆನೆ ಬಾಡಿಗೆಗೆ ಕೊಡುವವನ ಹಕ್ಕಿಯೂ ಬಂತು. ಒಂದು ಹೂಂಗೆ ಒಂದು ಹಿಡಿ ಇಳಿಯುತ್ತಿದ್ದ ಕಾಳು ಬೊಗಸೆಯಲ್ಲಿ ಇಳಿಯತೊಡಗಿತು. ಬಸವಾಚಾರಿಯ ಒಂದು ಗಡಿಗೆ ಅವನ ಇನ್ನೊಂದು ಗಡಿಗೆಯ ಮೇಲೆ ಹರಾಜು ಕೂಗುತ್ತಿತ್ತು. ಕಟ್ಟೆಯ ಮೇಲೆ ಅಣ್ಣತಮ್ಮಂದಿರು ಮೊದಲ ಬಾರಿಗೆ ಎದ್ದು ನಿಂತಿದ್ದರು.

ಸಂದು ಕಡಿಮೆಯಾಗಲೆಂದು ನಾನು ಉಸಿರು ಬಿಡದೆ ಹೇಳಿದೆ. ಆದರೂ ಅವಳು ಹೂಂ ಅಂದಳು. ಬೇಡ ಅನ್ನುವುದು ಹೇಗೆ? ಬಾಗಿಲ ಹಿಂದೆ ಅಜ್ಜಿ ಗೊಣಗುವುದು ಕೇಳಿಸಿತು: "ಬೇಗ ಕಡಲಿಗೆ ಸೇರಿಸೇ, ಮಂಕೇ."

"ಸೆಳವು ಸುಳಿಯನ್ನ ಕೇಳು ಅಂದಿತು. ಸುಳಿ ಮರಳನ್ನ ಕೇಳು ಅಂದಿತು. ನಡೆದು ನಡೆದು ಹುಡುಗಿಯ ಕಾಲ್ಗೆಜ್ಜೆ ಸವೆಯಿತು. ಕೊನೆಗೆ ಹೊಳೆ ಕಡಲು ಸೇರುವ ಕಡೆ ಬಂದಳು."

"ಹೂಂ."

"ಆಮೇಲೆ?" ಅಂದಿತು ಹಕ್ಕಿ. ಬಸವಾಚಾರಿಯ ಅಂಗೈ ಮೊಣಕಾಲಿಗೆ ಇಳಿದಿತ್ತು. ಅವನು ಬಾಗಿ ಅದನ್ನು ನೆಲಕ್ಕೆ ಮುಟ್ಟಿಸಿದ.

ಕಾಳು ಮುಗಿದಿತ್ತು, ಕಥೆಯಲ್ಲಿ ಇನ್ನೊಂದೇ ಸಂದು ಬಾಕಿ. "ಅಲ್ಲಿ ನಿಂತು ಹುಡುಗಿ ಹೊಳೆಯನ್ನು ಕೇಳಿದಳು. ನನ್ನಿಂದ ತಗೊಂಡು ಹೋದದ್ದನ್ನ ಏನು ಮಾಡಿದೆ?"

ದೇವೀರಕ್ಕ ಕಣ್ಣು ಮುಚ್ಚಿಕೊಂಡು ಹೂಂ ಅಂದಳು.

"ತೊಟ್ಟಿಲು" ಅಂದಿತು ಹಕ್ಕಿ. "ಹಲಸಿನ ತೊಟ್ಟಿಲು, ಬಸವಾಚಾರಿಯ ಕೈ ತೊಟ್ಟಿಲು."

ಅವಳು ಎದ್ದು ನಿಂತಳು. ನಾನು ಅವಳ ಸೆರಗು ಹಿಡಿಯಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡೆ. ಆದರೆ ಅವಳು ಹೋಗಲಿಲ್ಲ. ಕೂಸು ಹೋದ ಮೇಲೆ ಯಾವತ್ತೂ ಇಷ್ಟಕ್ಕೇ ಅವಳು ಹೊರಟುಹೋಗುತ್ತಿದ್ದಳಾದ್ದರಿಂದ ಹಕ್ಕಿಯ ಮಾತಿನ ಉಳಿದರ್ಧ ಅಂದೇ ಕೇಳಿಸಿದ್ದು: "ಎಷ್ಟು ತೂಗಿದರೂ ಕಿರ್ ಅನ್ನದ ತೊಟ್ಟಿಲು."

ದೇವೀರಕ್ಕ ಸೂರಿನ ಕಡೆಗೆ ಮುಖವೆತ್ತಿದಳು.

"ಸುಳ್ಳು ಹೇಳ್ತೀಯ" ಅಂದಳು. "ನಮ್ದು ಕಿರ್ ಅಂತಿತ್ತು."

ಹಕ್ಕಿ ತಲೆ ವಾಲಿಸಿತು. ಅವುಗಳಿಗೆ ಯಾರೂ ಎದುರು ಮಾತಾಡಿದ್ದಿಲ್ಲ.

"ಕೂಸು ಬರೋಕೆ ಮುಂಚೆ ದಿನಾ ತೂಗಿ ನೋಡ್ತಿದ್ದೆ. ಎಡಗಡೆ ಹೋಗುವಾಗ ಸುಮ್ನಿರೋದು, ಬಲಗಡೆ ಬರುವಾಗ ಕಿರ್. ಒಂದು ತೊಟ್ಟು ಎಣ್ಣೆ ಬಿಡಿ ಅಂದ್ರೆ ನಮ್ಮನೆಯೋರು, ಇರ್ಲಿ ಬಿಡು, ಕೂಸಿಗೆ ಜೋಗುಳ ಆಗುತ್ತೆ ಅಂದ್ರು." ಅವಳು ನನ್ನ ಕಡೆ ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. "ಅಟ್ಟದ ಮೇಲಿದೆ ಸಾಕಿ. ನಾನು ಯಾರಿಗೂ ಹೇಳ್ಲಿಲ್ಲ, ಯಾರೂ ಕೇಳ್ಲಿಲ್ಲ."

ಅವಳು ಮತ್ತೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೇಳು. ಹೊಳೆ ಏನಂತು?"

"ಹೊಳೆ ಅಂದಿತು: ತಂದು ಇಲ್ಲೇ ಇಟ್ಟಿದ್ದೀನಿ ಕಣಮ್ಮ. ಬರುವಾಗ ದಾರಿಯಲ್ಲಿ ಮತ್ತೆ ಮಣ್ಣಾಯಿತು. ಈಗ ನೀನು ನಿಂತಿರೋದು ಅದರ ಮೇಲೇ. ಹುಡುಗಿ ಬಗ್ಗಿ ನೋಡಿದಳು. ಕಾಲ ಕೆಳಗೆ ಮೆತ್ತನೆ ಕೆಂಪು ಮಣ್ಣು. ಅವಳಿಗೆ ಅದನ್ನು ಅಗೆಯಲು ಮನಸ್ಸು ಬರಲಿಲ್ಲ, ಬಿಟ್ಟು ಹೋಗಲೂ ಬರಲಿಲ್ಲ. ಅದರ ಮೇಲೇ ಕೂತಳು. ಕತ್ತಲಾಯಿತು, ಬೆಳಗಾಯಿತು, ಬಿಸಿಲಿಗೆ ಮಣ್ಣು ಬೆಚ್ಚಗಾಯಿತು. ಆಮೇಲೆ ಎದ್ದು ಮನೆಗೆ ಹೋದಳು. ಅಷ್ಟೆ ಅಕ್ಕ. ಮುಗೀತು."